ಸಾಸಿವೆ ಡಬ್ಬಿಯ ಪಕ್ಕದ ದೆವ್ವ

ನಮ್ಮ ಅಡುಗೆಮನೆಯ ಶೆಲ್ಫಿನಲ್ಲಿ ಸಾಸಿವೆ ಡಬ್ಬಿಗೂ ಇಂಗಿನ ಡಬ್ಬಿಗೂ ನಡುವೆ ಒಂದು ದೆವ್ವ ವಾಸವಾಗಿದೆ. ಹೆದರಬೇಡಿ, ಅದು ಚಾರ್ಜ್ ಇಲ್ಲದೆ ಮಲಗಿದೆ. ಮೊನ್ನೆ ಒಗ್ಗರಣೆಗಿಟ್ಟ ಎಣ್ಣೆ ಕಾದು ಹೊಗೆಯಾಡುತ್ತಿದ್ದಾಗ ಸಾಸಿವೆಗೆಂದು ಕೈಹಾಕಿದರೆ ಡಬ್ಬಿಯ ಬದಲು ಅದೇ ಕೈಗೆ ಬಂತು. ಕಪ್ಪು ಬಣ್ಣದ್ದು, ಎರಡು ಕೈಯಲ್ಲಿ ಹಿಡಿಯುವಷ್ಟು ಅಗಲ, ನಡುವೆ ಪರದೆ, ಆಚೀಚೆ ಗುಂಡಿಗಳು. ವಿಡಿಯೋ ಗೇಮು. ಎಣ್ಣೆಯನ್ನು ಮರೆತು ಅದನ್ನು ಸೆರಗಿನಿಂದ ಒರೆಸುತ್ತ ನಿಂತುಬಿಟ್ಟೆ. ಹೊಗೆಯ ಜಾಡು ಹಿಡಿದು ಬಂದ ನಮ್ಮತ್ತೆ ಬಾಗಿಲಲ್ಲೇ ನಿಂತು, "ಒಗ್ಗರಣೆ ಯಾರಿಗೇ? ಸಾರಿಗೋ, ದೆವ್ವಕ್ಕೋ?" ಎಂದರು.

ನಲವತ್ತು ದಾಟಿದವಳ ಮನೆಯಲ್ಲಿ ವಿಡಿಯೋ ಗೇಮ್ ಕಂಡರೆ ಮಕ್ಕಳದ್ದಿರಬೇಕು ಅಂದುಕೊಳ್ಳುತ್ತಾರೆ. ಗಂಡನದ್ದಿರಬೇಕು ಅನ್ನುವ ಪುಣ್ಯಾತ್ಮರೂ ಇದ್ದಾರೆ. ಎರಡೂ ಅಲ್ಲ ಸ್ವಾಮಿ, ಅದು ನನ್ನದೇ. ಊರಿನವರಿಗೆಲ್ಲ ದೆವ್ವ ಮೆಟ್ಟಿಕೊಂಡು ಕೈಕಾಲು ಸೆಟೆದುಕೊಂಡರೆ, ನನಗೆ ಸೆಟೆದುಕೊಂಡಿದ್ದ ಹೆಬ್ಬೆರಳು ದೆವ್ವದ ದೆಸೆಯಿಂದ ಸಡಿಲವಾಯಿತು. ಇದನ್ನು ನಮ್ಮ ನೆಂಟರಲ್ಲಿ ಒಬ್ಬರೂ ನಂಬಲಿಲ್ಲ. ನೀವಾದರೂ ನಂಬಿ.

ನಾನು ನರಸಾಪುರದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುವವಳು. ಗಾಡಿಗಳ ಹೊಟ್ಟೆಯೊಳಗೆ ನರಗಳ ಹಾಗೆ ವೈರುಗಳು ಹರಿದಿರುತ್ತವಲ್ಲ, ಅವನ್ನು ಬೋರ್ಡಿನ ಮೇಲೆ ಹಾಸಿ, ಒಟ್ಟು ಸೇರಿಸಿ, ಟೇಪು ಸುತ್ತಿ, ತುದಿಗಳನ್ನು ಕನೆಕ್ಟರಿನ ತೂತುಗಳಿಗೆ ಒತ್ತಿ ಕೂರಿಸುವುದು ನಮ್ಮ ಲೈನಿನ ಕೆಲಸ. ಬೋರ್ಡು ಬೆಲ್ಟಿನ ಮೇಲೆ ನಿಧಾನವಾಗಿ ನಡೆದು ಬರುತ್ತದೆ, ನಡೆದು ಹೋಗುತ್ತದೆ, ನಮಗೋಸ್ಕರ ನಿಲ್ಲುವುದಿಲ್ಲ. ವೈರಿನ ತುದಿ ಸರಿಯಾಗಿ ಕೂತರೆ 'ಟಕ್' ಅನ್ನುತ್ತದೆ. ಆ ಟಕ್ ಬರುವುದು ಹೆಬ್ಬೆರಳಿನ ಬಲದಿಂದ. ಲೈನಿನಲ್ಲಿ ನನ್ನಷ್ಟು ಚುರುಕಾಗಿ ಟಕ್ಕೆನಿಸುವವರು ಇನ್ನೊಬ್ಬರಿರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು ನಿಜ, ಆದರೆ ಬೇರೆ ಯಾರೂ ಹೇಳುತ್ತಿಲ್ಲವಲ್ಲ.

ಒಂದು ದಿನ ಕಂಪನಿ ಬಸ್ಸು ತಪ್ಪಿಹೋಗುತ್ತದೆಂದು ಓಡಿದೆ. ಕೋಲಾರದ ರಸ್ತೆಬದಿಯಲ್ಲಿ ಟೊಮೆಟೊ ಕ್ರೇಟುಗಳಿಗೇನು ಬರವೇ? ಒಂದಕ್ಕೆ ಎಡವಿ, ಬಲಗೈ ಊರಿ ಬಿದ್ದೆ. ಹೆಬ್ಬೆರಳಿನ ಬುಡದ ಮೂಳೆ ಮುರಿಯಿತು. "ಪರವಾಗಿಲ್ಲ ಬಿಡಮ್ಮಾ, ಹಣ್ಣಿಗೇನೂ ಆಗಿಲ್ಲ" ಎಂದು ಕ್ರೇಟಿನ ಯಜಮಾನ ಸಮಾಧಾನ ಹೇಳಿದ. ಪ್ಲಾಸ್ಟರ್ ಬಿಚ್ಚಿದಾಗ ಬೆರಳು ದನ ಕಟ್ಟುವ ಗೂಟದ ಹಾಗೆ ನೆಟ್ಟಗೆ ನಿಂತಿತ್ತು. ಮಡಿಸು ಎಂದರೆ ಮಡಿಯದು. ಅನ್ನ ಕಲಸುವುದಕ್ಕೂ ಬಾರದು.

ನಮ್ಮ ಲೈನ್ ಲೀಡರ್ ಭವ್ಯ ನೋಡಲು ಬಂದಳು. ಲಕ್ಕೂರಿನ ಹುಡುಗಿ, ನನಗಿಂತ ಬಹಳ ಚಿಕ್ಕವಳು, ಮಾತು ಮಾತ್ರ ಹೆಡ್ಮೇಷ್ಟ್ರದು. ಕಾಫಿ ಕುಡಿದಾದ ಮೇಲೆ ಬಂದ ವಿಷಯಕ್ಕೆ ಬಂದಳು. "ಮಂಜುಳಕ್ಕ, ರಜ ಮುಗಿದ್ಮೇಲೆ ಕೈ ಟೆಸ್ಟ್ ಇಡ್ತಾರೆ. ಟೈಮೊಳಗೆ ಒಂದು ಬೋರ್ಡ್ ಮುಗಿಸಿದ್ರೆ ಲೈನು. ಇಲ್ಲಾಂದ್ರೆ ಪ್ಯಾಕಿಂಗ್‌ಗೆ ಹಾಕ್ತಾರಂತೆ. ಒಂದೇ ಚಾನ್ಸು. ನನ್ ಕೈಲೇನೂ ಇಲ್ಲ ಕಣಕ್ಕ."

ಪ್ಯಾಕಿಂಗ್ ಕೆಲಸ ಕೀಳೆಂದು ನಾನು ಹೇಳುವುದಿಲ್ಲ. ಆದರೆ ಆರ್ಡರು ಕಡಿಮೆಯಾದಾಗ ಮೊದಲು ಮನೆಗೆ ಕಳಿಸುವುದು ಪ್ಯಾಕಿಂಗಿನವರನ್ನು. ಲೈನಿನಿಂದ ಅಲ್ಲಿಗೆ ಹೋದವರು ತಿರುಗಿ ಲೈನಿಗೆ ಬಂದದ್ದನ್ನು ನಾನು ಕಂಡಿಲ್ಲ. ಅದೂ ಅಲ್ಲದೆ ಆ ಜಾಗ ನನ್ನದು. ಫ್ಯಾನಿನ ಗಾಳಿ ಎಷ್ಟು ಹೊತ್ತಿಗೆ ಎಲ್ಲಿಗೆ ಬರುತ್ತದೆ, ನೆಲದ ಯಾವ ಟೈಲ್ಸು ಅಲ್ಲಾಡುತ್ತದೆ ಎಂಬುದೆಲ್ಲ ನನ್ನ ಕಾಲಿಗೆ ಗೊತ್ತು. ಭವ್ಯ ಹೋದ ಮೇಲೆ ಗೂಟದಂಥ ಬೆರಳನ್ನು ನೋಡಿಕೊಂಡು ಗಟ್ಟಿಯಾಗಿ ಹೇಳಿದೆ: ನಾನು ಲೈನಿಗೇ ಹೋಗುವುದು.

ಆಸ್ಪತ್ರೆಯ ಫಿಜಿಯೋಥೆರಪಿ ಹುಡುಗಿ ಹಳದಿ ಬಣ್ಣದ ರಬ್ಬರ್ ಚೆಂಡೊಂದನ್ನು ಕೊಟ್ಟು, ದಿನವಿಡೀ ಹಿಚುಕುತ್ತಿರಿ ಎಂದಳು. ಹಿಚುಕಿದೆ. ಚೆಂಡು ಹಿಚುಕುವಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ಕೈಯಿಂದ ಜಾರಿ ಮಂಚದಡಿಗೆ ಹೋಗುತ್ತಿತ್ತು, ನಾನು ಬಗ್ಗಿ ತೆಗೆಯುತ್ತಿದ್ದೆ. ಹೀಗೆ ಸೊಂಟಕ್ಕೆ ಒಳ್ಳೆಯ ವ್ಯಾಯಾಮವಾಯಿತೇ ಹೊರತು ಬೆರಳಿಗಲ್ಲ. ಬೇಸತ್ತು ರಿಜ್ವಾನಾಳ ಅಂಗಡಿಗೆ ಹೋಗಿ ಕೂತೆ.

ರಿಜ್ವಾನಾ ಯಲ್ದೂರಿನ ಶಾಲೆಯಲ್ಲಿ ನನ್ನ ಬೆಂಚಿನವಳು. ಈಗ ಕೋಲಾರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾಳೆ. ನನ್ನ ಅಳುಮೋರೆ ನೋಡಿ, ಗಾಜಿನ ಕಪಾಟಿನ ತಳದಿಂದ ಈ ಕಪ್ಪು ಯಂತ್ರ ತೆಗೆದು ಕೌಂಟರಿನ ಮೇಲಿಟ್ಟಳು. ಯಾರೋ ಮಾರಿಹೋದದ್ದಂತೆ. ಒಳಗೆ ಒಂದೇ ಒಂದು ಆಟ ಉಳಿದಿದೆ, ಅದೂ ದೆವ್ವದ ಆಟ, ಅದಕ್ಕೇ ಯಾರೂ ಕೊಳ್ಳುತ್ತಿಲ್ಲವಂತೆ. ಬಲಗಡೆ ಬೋರೆಹಣ್ಣಿನ ಗಾತ್ರದ ಗುಂಡಿಯೊಂದಿತ್ತು. ಅದನ್ನು ಹೆಬ್ಬೆರಳಿನಿಂದ ಗುಂಡಗೆ ತಿರುಗಿಸಬೇಕು.

"ಇದು ತಿರುಗ್ಸು. ಚೆಂಡು ಗಿಂಡು ಎಲ್ಲ ಬಿಸಾಕು" ಎಂದಳು.

"ಈ ವಯಸ್ಸಲ್ಲಿ ವಿಡಿಯೋ ಗೇಮೇನೇ?"

"ಯಾಕೆ, ಆ ವಯಸ್ಸಲ್ಲಿ ನನ್ ಕೈಯಿಂದ ಕಿತ್ಕೊಂಡು ಆಡ್ಲಿಲ್ವಾ?"

ಆಡಿದ್ದೆ. ಬಳೆ ವ್ಯಾಪಾರಕ್ಕೆಂದು ಊರೂರು ತಿರುಗುತ್ತಿದ್ದ ಅವಳಪ್ಪ ಒಮ್ಮೆ ಅವಳಿಗೊಂದು ಬ್ರಿಕ್ ಗೇಮ್ ತಂದಿದ್ದರು. ಬೂದು ಪರದೆಯ ಮೇಲಿನಿಂದ ಇಟ್ಟಿಗೆಗಳು ಉದುರುತ್ತವೆ, ಸಂದಿಲ್ಲದಂತೆ ಜೋಡಿಸಬೇಕು, ಅಷ್ಟೇ. ನಮ್ಮ ಮಾವಿನ ತೋಟದಲ್ಲಿ ಬಾದಾಮಿ ಮಾವಿನ ಮರದ ಬುಡಕ್ಕೊರಗಿ ಪಾಳಿಯ ಮೇಲೆ ಆಡುತ್ತಿದ್ದೆವು. ನನ್ನ ಪಾಳಿ ಯಾವಾಗಲೂ ಸ್ವಲ್ಪ ಉದ್ದ. ಸೆಲ್ಲು ಸತ್ತರೆ ಅವನ್ನು ತೆಗೆದು ಬಿಸಿಲಿಗೆ ಹಪ್ಪಳದಂತೆ ಒಣಗಿಸಲು ಇಡುತ್ತಿದ್ದೆವು. ಒಣಗಿದ ಸೆಲ್ಲಿಗೆ ಅರ್ಧ ಆಟದಷ್ಟು ಜೀವ ಮರಳುತ್ತಿತ್ತು. ಅದನ್ನು ಕಾಗೆ ಎತ್ತಿಕೊಂಡು ಹೋಗದಂತೆ ಕಾಯುವುದು ಇನ್ನೊಂದು ಕೆಲಸ.

ಹೀಗೆ ದೆವ್ವ ನಮ್ಮ ಮನೆಗೆ ಬಂತು. ಆಟದ ಕಥೆ ಇಷ್ಟು: ಬೆಟ್ಟದ ಮೇಲೆ ಪಾಳುಬಿದ್ದ ಒಂದು ಹಾಸ್ಟೆಲು. ಅದರೊಳಗೆ ಕಳೆದುಹೋದ ತಂಗಿಯನ್ನು ಹುಡುಕಿಕೊಂಡು ಅಕ್ಕ ಹೋಗುತ್ತಾಳೆ. ಅವಳ ಕೈಯಲ್ಲಿ ಒಂದು ಲಾಂದ್ರ. ಆ ಲಾಂದ್ರಕ್ಕೆ ಎಣ್ಣೆಯಿಲ್ಲ. ಬಲಗಡೆಯ ಗುಂಡಿಯನ್ನು ತಿರುಗಿಸುತ್ತಿದ್ದರೆ ಉರಿಯುತ್ತದೆ, ಕೈ ಸೋತರೆ ಮಂಕಾಗುತ್ತದೆ. ಮಂಕಾದರೆ ಮೂಲೆಯಿಂದ ಉದ್ದ ಕೂದಲಿನ ಹೆಂಗಸೊಬ್ಬಳು ಗೋಡೆ ಸವರಿಕೊಂಡು ಬರುತ್ತಾಳೆ. ಬಂದಳೆಂದರೆ ಮುಗಿಯಿತು, ಪರದೆ ಕಪ್ಪಾಗುತ್ತದೆ. ಹಾಸ್ಟೆಲಿಗೆ ಹೋಗುವ ಅಕ್ಕನಿಗೆ ನಮಗೆ ಬೇಕಾದ ಹೆಸರಿಡಬಹುದು. ರಿಜ್ವಾನಾ ನನ್ನನ್ನು ಕೇಳದೆಯೇ ಇಂಗ್ಲಿಷಿನಲ್ಲಿ 'ಮಂಜುಳಾ' ಎಂದು ಬರೆದುಬಿಟ್ಟಿದ್ದಳು.

ಮೊದಲ ತೊಂದರೆ ಬಂದದ್ದು ಬೆಳಕಿನಿಂದ. ಆಟವೆಲ್ಲ ಕತ್ತಲು, ನಮ್ಮ ಮನೆಯೆಲ್ಲ ಬಿಸಿಲು. ಪರದೆಯಲ್ಲಿ ಕಾಣುತ್ತಿದ್ದುದು ನನ್ನ ಮುಖ ಮಾತ್ರ. ಅದಕ್ಕೆ ಬಿರುಬೇಸಿಗೆಯ ಮಧ್ಯಾಹ್ನ ಕಂಬಳಿ ಹೊದ್ದು, ಅದರೊಳಗೆ ಬೆವರು ಸುರಿಸುತ್ತ ಆಡತೊಡಗಿದೆ. ಅತ್ತೆ ಬಂದು ಮುಟ್ಟಿದರು. ಸರಿಯಾಗಿ ಅದೇ ಕ್ಷಣಕ್ಕೆ ಆ ಹೆಂಗಸು ಗೋಡೆಯಿಂದ ಹೊರಬಂದಿದ್ದಳು. ನಾನು ಕಿರುಚಿದ ರಭಸಕ್ಕೆ ಅತ್ತೆಯೂ ಕಿರುಚಿದರು, ಹಿತ್ತಲಿನ ಕೋಳಿಗಳೂ ಕಿರುಚಿದವು. "ಏಮೈಂದೇ? ಏನಾಯ್ತೇ? ಚಳಿಜ್ವರಾನಾ?" ಎಂದು ಅವರು ಹಣೆ ಮುಟ್ಟಿ ನೋಡಿದರು. ವಿಷಯ ತಿಳಿದ ಮೇಲೆ ಉಪ್ಪು ಮೆಣಸಿನಕಾಯಿ ತಂದು ದೃಷ್ಟಿ ತೆಗೆದರು, ನನಗೂ, ಯಂತ್ರಕ್ಕೂ.

ಆ ಹೆಂಗಸಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಸರಿಹೋಗುವುದಿಲ್ಲ. ನಾನು ಮೊದಲು ನೋಡಿದ್ದು ಅವಳ ಪಾದಗಳನ್ನು. ಮುಂದಕ್ಕೇ ಇದ್ದವು! ಹಿಮ್ಮಡಿ ಮುಂದಿಲ್ಲದವಳು ಎಂಥ ದೆವ್ವ? ನಮ್ಮ ಕಡೆಯ ದೆವ್ವಗಳಿಗೆ ಒಂದು ರೀತಿ ನೀತಿ ಇತ್ತು. ಹುಣಿಸೆಮರ ಬಿಟ್ಟು ಕದಲುತ್ತಿರಲಿಲ್ಲ, ಸುಣ್ಣವೋ ಎಲೆಯಡಿಕೆಯೋ ಕೇಳಿ ಮಾತಿಗೆಳೆಯುತ್ತಿದ್ದವು. ಇವಳೋ, ಮಾತಿಲ್ಲ ಕತೆಯಿಲ್ಲ, ಕಂಡ ಕೂಡಲೇ ಕುತ್ತಿಗೆಗೆ ಕೈ. ಆದರೂ ಭಯವೇನೋ ಆಗುತ್ತಿತ್ತು. ಭಯವಾದಷ್ಟೂ ಬೆರಳು ತಾನಾಗಿ ತಿರುಗುತ್ತಿತ್ತು. ರಬ್ಬರ್ ಚೆಂಡಿಗೆ ಇಲ್ಲದ ಗುಣ ಇದು: ಚೆಂಡು ಯಾರನ್ನೂ ಅಟ್ಟಿಸಿಕೊಂಡು ಬರುವುದಿಲ್ಲ.

ಬೆರಳಿಗೆ ಜೀವ ಬರತೊಡಗಿತು. ಮೊದಲು ಗಿಣ್ಣು ಚುಳ್ಳೆಂದಿತು, ಆಮೇಲೆ ಒಂದಿಷ್ಟು ಮಡಿಯಿತು, ಆಮೇಲೆ ಚಮಚ ಹಿಡಿಯಿತು. ಹಾಸ್ಟೆಲಿನಲ್ಲಿಯೂ ನಾನು ಊಟದ ಮನೆ ದಾಟಿ, ವಾರ್ಡನ್ ಕೋಣೆ ದಾಟಿ, ಬಟ್ಟೆ ಒಗೆಯುವ ನೆಲಮಾಳಿಗೆಯ ಮೆಟ್ಟಿಲವರೆಗೆ ಬಂದೆ. ಅಲ್ಲಿ ಸಿಕ್ಕಿಬಿದ್ದೆ ನೋಡಿ.

ಮೆಟ್ಟಿಲ ತುದಿಯಲ್ಲಿ ನಿಂತಾಗ ಕೆಳಗಿನ ಕತ್ತಲಿನಿಂದ ಮಗುವೊಂದು ಕೂಗುತ್ತದೆ. ಪರದೆಯ ಮೇಲೆ ನನ್ನ ಹೆಸರು ಮೂಡಿ ಮಾಯವಾಗುತ್ತದೆ. ಒಂದೇ ಸಲ. ನಾನು ನಾಲಗೆ ಕಚ್ಚಿಕೊಂಡು ಸುಮ್ಮನೆ ನಿಂತೆ. ಬುದ್ಧಿಯಿದ್ದವರು ಯಾರಾದರೂ ಮಾಡುವುದು ಅದನ್ನೇ ತಾನೆ? ನಮ್ಮ ಮನೆಯಲ್ಲಿ ವ್ಯವಹಾರವೆಲ್ಲ ಕನ್ನಡದಲ್ಲಿ. ಬೈಗುಳ ಮತ್ತು ದೆವ್ವ ಮಾತ್ರ ತೆಲುಗಿನಲ್ಲಿ. "ಮೂಡು ಸಾರ್ಲು ಪಿಲಿಸ್ತೇ ಮನಿಷಿ, ವೊಕ್ಕಸಾರಿ ಪಿಲಿಸ್ತೇ ದಯ್ಯಂ" ಎಂದು ನಮ್ಮಜ್ಜಿ ಕಲಿಸಿದ್ದಳು. ಮೂರು ಸಲ ಕರೆದರೆ ಮನುಷ್ಯ, ಒಂದೇ ಸಲ ಕರೆದು ಸುಮ್ಮನಾದರೆ ದೆವ್ವ, ಓಗೊಟ್ಟೆಯೋ, ಕೆಟ್ಟೆ. ತೋಟದಲ್ಲಿ ಬೆಳೆದ ನಮಗೆ ಇದು ಮಗ್ಗಿಗಿಂತ ಮೊದಲು ಬಾಯಿಪಾಠ. ತಲೆಯ ಮೇಲೆ ಹಣ್ಣಿನ ಬುಟ್ಟಿ ಹೊತ್ತ ತಾತ, ಇಳಿಸಿಕೊಳ್ಳಲು ಬಾರೇ ಎಂದು ಕೂಗಿದರೂ ನಾನು ಮೂರನೆಯ ಕೂಗಿನವರೆಗೆ ಅಲ್ಲಾಡುತ್ತಿರಲಿಲ್ಲ. ಶಾಲೆಯಲ್ಲಿ ಮೇಷ್ಟ್ರು ಹಾಜರಿಗೆ ಒಂದೇ ಸಲ ಕರೆಯುತ್ತಿದ್ದರು. ನಾನು ಎದುರಿಗೇ ಕೂತು ಎಷ್ಟೋ ದಿನ ಗೈರುಹಾಜರಾಗಿದ್ದೇನೆ.

ಹಾಗಾಗಿ ನೆಲಮಾಳಿಗೆಯ ಕೂಗಿಗೂ ನಾನು ಬಾಯಿ ಬಿಡಲಿಲ್ಲ. ಬದಲಿಗೆ ಲಾಂದ್ರ ತಿರುಗಿಸಿದೆ, ತಿರುಗಿಸಿದೆ, ತಿರುಗಿಸಿದೆ. ಆದರೂ ಬೆಳಕು ಕುಗ್ಗುತ್ತಲೇ ಹೋಗಿ ಆರಿತು, ಆ ಹೆಂಗಸು ಬಂದಳು, ಪರದೆ ಕಪ್ಪಾಯಿತು. ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ. ನನ್ನ ಬೆರಳಿಗೆ ವೇಗ ಸಾಲದು, ಅದಕ್ಕೇ ದೀಪ ಆರುತ್ತಿದೆ ಎಂದುಕೊಂಡೆ. ಬೆಳಗ್ಗೆದ್ದು ಬಿಸಿನೀರಲ್ಲಿ ಬೆರಳಿಟ್ಟೆ, ಎಳ್ಳೆಣ್ಣೆ ತಿಕ್ಕಿದೆ, ಹಲ್ಲು ಕಚ್ಚಿ ತಿರುಗಿಸಿದೆ. ಗಿಣ್ಣು ಕೆಂಪಗೆ ಊದಿಕೊಂಡಿತು. ದೀಪ ಆರಿತು. ಟೆಸ್ಟಿನ ದಿನ ಹತ್ತಿರ ಬರುತ್ತಿತ್ತು. ನನ್ನ ಬೆರಳು ಬರುವುದೇ ಇಷ್ಟು, ಇನ್ನು ಮುಂದಕ್ಕೆ ಬರುವುದಿಲ್ಲ ಎಂಬ ಹೆದರಿಕೆ ಹತ್ತಿಕೊಂಡಿತು. ಆ ಹೆದರಿಕೆಯ ಮುಂದೆ ಉದ್ದ ಕೂದಲಿನವಳು ಏನೇನೂ ಅಲ್ಲ.

ಟೆಸ್ಟೇ ಬೇಡ, ಪ್ಯಾಕಿಂಗಿಗೆ ಹಾಕಿಬಿಡಿ ಎಂದು ಭವ್ಯಳಿಗೆ ಫೋನು ಮಾಡಲು ಹೊರಟೆ. ಅವಳ ನಂಬರು ತೆಗೆದೆ, ಒತ್ತಲು ಮನಸ್ಸು ಬರಲಿಲ್ಲ. ಮೊದಲು ಯಂತ್ರವನ್ನು ಹಿಂತಿರುಗಿಸಿ ಬರೋಣ ಎಂದು ರಿಜ್ವಾನಾಳ ಅಂಗಡಿಗೆ ಹೋಗಿ ಕೌಂಟರಿನ ಮೇಲೆ ಕುಕ್ಕಿದೆ.

"ತಗೋ. ನನ್ ಬೆರಳು ಸತ್ತೋಗಿದೆ. ಆ ಮೆಟ್ಲು ಇಳಿಯಕ್ಕಾಗ್ತಿಲ್ಲ."

"ಎಲ್ಲಿ, ನನ್ ಮುಂದೆ ಆಡು" ಎಂದಳು.

ಆಡಿದೆ. ಮೆಟ್ಟಿಲು ಬಂತು. ಮಗು ಕೂಗಿತು. ನಾನು ಉಸಿರು ಬಿಗಿಹಿಡಿದು ಲಾಂದ್ರ ತಿರುಗಿಸತೊಡಗಿದೆ.

"ಲೇ! ಹೆಸರು ಕರೀತಲ್ಲೇ, ಕೆಳಗಿನ ಬಟನ್ ಒತ್ತೇ, ಓ ಅನ್ನೇ!"

"ಒಂದೇ ಸಲ ಕರೆದ್ರೆ ಯಾರಾದ್ರೂ ಓಗೊಡ್ತಾರೇನೇ?"

ರಿಜ್ವಾನಾ ನನ್ನ ಮುಖವನ್ನೇ ನೋಡಿದಳು. ದೀಪ ಆರಿತು, ಹೆಂಗಸು ಬಂದಳು, ಅವಳ ಕಡೆ ನಾವಿಬ್ಬರೂ ತಿರುಗಿಯೂ ನೋಡಲಿಲ್ಲ. ಆಮೇಲೆ ರಿಜ್ವಾನಾ ಕೌಂಟರಿಗೆ ತಲೆಯಿಟ್ಟು ನಕ್ಕಳು ನೋಡಿ, ರಿಪೇರಿಗೆ ಬಂದಿದ್ದ ಮೊಬೈಲುಗಳೆಲ್ಲ ಅಲುಗಾಡಿದವು. "ಹಮಾರಿ ನಾನಿ ಬೀ ಯಹೀಚ್ ಬೋಲ್ತಿ ಥಿ! ನಮ್ಮಜ್ಜೀನೂ ಹಂಗೇ ಹೇಳ್ತಿದ್ಳು ಕಣೇ. ಆದ್ರೆ ಅಂಗಡಿ ಇಟ್ಟೋಳು ಮೂರು ಸಲ ಕರೆಸ್ಕೊಂಡ್ರೆ ಗಿರಾಕಿ ಪಕ್ಕದಂಗಡಿಗೆ ಹೋಗ್ತಾನೆ. ನಾನು ಅರ್ಧ ಸಲಕ್ಕೇ ಓಗೊಡ್ತೀನಿ. ಅಲ್ಲಿ ಓ ಅಂದ್ರೇನೇ ದೀಪ ಆರ್ದೆ ನಿಲ್ಲೋದು, ಅದು ನಿನ್ ತಂಗಿ ಕಣೇ, ದೆವ್ವ ಅಲ್ಲ!"

ನನಗೆ ನಗು ಬರಲಿಲ್ಲ. "ಹಂಗಾದ್ರೆ ನನ್ ಬೆರಳು?" ಎಂದೆ.

"ಬೆರಳಿಗೇನಾಗಿದೆ? ಮಿಕ್ಸಿ ತರ ತಿರುಗ್ತಿದೆ."

ಆಗ ನಕ್ಕೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಬೆರಳು ಸತ್ತಿತೆಂದು ಅಷ್ಟು ದಿನ ನಾನು ಮನಸ್ಸಿನಲ್ಲೇ ತಿಥಿ ಮಾಡುತ್ತಿದ್ದೆನಲ್ಲ! ಯಂತ್ರವನ್ನು ತಿರುಗಿ ಎತ್ತಿಕೊಂಡೆ. ಮೆಟ್ಟಿಲ ತುದಿಗೆ ಹೋಗಿ ನಿಂತೆ. ಕೂಗು ಬಂತು. ಸತ್ಯವಾಗಿ ಹೇಳುತ್ತೇನೆ, ಆ ಹಗಲು ಬೆಳಕಿನಲ್ಲಿ, ಗಿರಾಕಿಗಳ ನಡುವೆ, ಗುಂಡಿ ಒತ್ತುವ ಮೊದಲು ಅಜ್ಜಿಗೆ ಮನಸ್ಸಿನಲ್ಲೇ ತಪ್ಪಾಯಿತೆಂದು ಹೇಳಿಕೊಂಡೆ. ಅಜ್ಜಿಯ ಮಾತು ಮೀರಿದ್ದು ಅದೇ ಮೊದಲು. ಒತ್ತಿದೆ. ಲಾಂದ್ರ ಭಗ್ಗನೆ ಹೊತ್ತಿಕೊಂಡಿತು. ಮೆಟ್ಟಿಲ ಕೆಳಗೆ ಒಗೆಯುವ ಕಲ್ಲಿನ ಹಿಂದೆ ಪುಟ್ಟ ಹುಡುಗಿಯೊಬ್ಬಳು ಮೊಣಕಾಲು ತಬ್ಬಿ ಕೂತಿದ್ದಳು. ಎಷ್ಟು ಸಲ ಅವಳು ಕರೆದಿದ್ದಳು, ಎಷ್ಟು ಸಲ ನಾನು ಸುಮ್ಮನಿದ್ದೆ! ಅವಳನ್ನು ಕರೆದುಕೊಂಡು ಆ ಹಾಳು ಹಾಸ್ಟೆಲಿನಿಂದ ಹೊರಗೆ ಬರುವವರೆಗೆ ನಾನು ಯಂತ್ರವನ್ನು ಕೆಳಗಿಡಲಿಲ್ಲ. ಬಂದ ಗಿರಾಕಿಗಳಿಗೆ ರಿಜ್ವಾನಾ, "ಸ್ವಲ್ಪ ಇರಿ, ಮಗು ಸಿಕ್ಕಿದೆ" ಎನ್ನುತ್ತಿದ್ದಳು.

ಆಟ ಮುಗಿಯಿತು. ಟೆಸ್ಟು ಮುಗಿದಿರಲಿಲ್ಲವಲ್ಲ. ರಜ ಮುಗಿದ ಬೆಳಗ್ಗೆ ತರಬೇತಿ ಕೋಣೆಯ ಮೇಜಿನ ಮೇಲೆ ಬೋರ್ಡು ಇಟ್ಟು, ಭವ್ಯ ಪಕ್ಕದಲ್ಲಿ ಸ್ಟಾಪ್‌ವಾಚು ಹಿಡಿದು ನಿಂತಳು. ನಾನು ಶುರುಮಾಡಿದೆ. ವೈರು ಹಾಸಿದೆ, ಟೇಪು ಸುತ್ತಿದೆ, ಟಕ್ಕು ಟಕ್ಕೆಂದು ತುದಿಗಳನ್ನು ಕೂರಿಸುತ್ತ ಬಂದೆ. ಬೆರಳು ನಾನು ಹೇಳಿದ್ದೆಲ್ಲ ಕೇಳಿತು. ಆದರೆ ಗುಂಡಿ ತಿರುಗಿಸುವುದು ಬೇರೆ, ಒತ್ತುವುದು ಬೇರೆ. ಕೊನೆಕೊನೆಗೆ ಬಲ ಸೋರಿಹೋಯಿತು. ಭವ್ಯ ವಾಚು ನಿಲ್ಲಿಸಿದಾಗ ಒಂದು ತುದಿ ಇನ್ನೂ ನನ್ನ ಕೈಯಲ್ಲೇ ಇತ್ತು.

"ಆಗ್ಲಿಲ್ಲ ಅಕ್ಕ" ಎಂದಳು. ತಲೆ ಎತ್ತಲಿಲ್ಲ.

ನಾನು ಆ ತುದಿಯನ್ನು ಕೂರಿಸಿದೆ. ಟಕ್ ಎಂದಿತು. "ಆಗ್ಲಿಲ್ಲ ಅಂತಿರೋದು ನಿನ್ ವಾಚು ಕಣೇ. ನನ್ ಬೆರಳು ಇನ್ನೂ ಅಂದಿಲ್ಲ. ಇವತ್ತು ಲೈನಲ್ಲಿ ಎಷ್ಟು ಜನ ರಜ?"

"ಇಬ್ರು. ಮಾವು ಕೊಯ್ಲು ಅಂತ ಊರಿಗೋಗವ್ರೆ."

"ಹಂಗಾದ್ರೆ ನನ್ನ ನಿಲ್ಸು. ಶಿಫ್ಟು ಮುಗಿಯೋದ್ರೊಳಗೆ ನನ್ನಿಂದ ಒಂದೇ ಒಂದು ಸಲ ಬೆಲ್ಟು ನಿಲ್ಲಿ, ನಾನೇ ಹೋಗಿ ಪ್ಯಾಕಿಂಗಲ್ಲಿ ಡಬ್ಬ ಮಡಿಸ್ತೀನಿ. ಯಾರೂ ಹೇಳ್ಬೇಕಾಗಿಲ್ಲ."

ಭವ್ಯ ಗಾಜಿನ ಕೋಣೆಯೊಳಗೆ ಹೋಗಿ ಮ್ಯಾನೇಜರ ಮುಂದೆ ಬಹಳ ಹೊತ್ತು ಮಾತಾಡಿದಳು. ನನಗೆ ಅವಳ ಕೈಗಳು ಆಡುವುದಷ್ಟೇ ಕಾಣಿಸುತ್ತಿತ್ತು. ಹೊರಗೆ ಬಂದವಳೇ ಏಪ್ರನ್ನು ನನ್ನ ಕೈಗೆ ಹಾಕಿ, "ನನ್ ಮರ್ಯಾದೆ ತೆಗೀಬೇಡಿ ಅಕ್ಕ" ಎಂದು ಮುಂದೆ ನಡೆದಳು.

ಊಟದ ಹೊತ್ತಿನವರೆಗೆ ಹಬ್ಬ. ನನ್ನ ಜಾಗ, ನನ್ನ ಫ್ಯಾನು, ನನ್ನ ಟೈಲ್ಸು. ಊಟವಾದ ಮೇಲೆ ಹೆಬ್ಬೆರಳಿಗೆ ಬೆಂಕಿ ಬಿತ್ತು. ಒಂದು ಬೋರ್ಡಿನಲ್ಲಿ ಒಂದು ತುದಿ ಎಷ್ಟು ಒತ್ತಿದರೂ ಕೂರಲಿಲ್ಲ. ಬೋರ್ಡು ಮುಂದೆ ಹೋಗುತ್ತಿತ್ತು. ಆಗಲಿಲ್ಲವೆಂದು ಕೈ ಎತ್ತಿ ತೋರಿಸಿದರೆ ಬೆಲ್ಟು ನಿಲ್ಲಿಸುತ್ತಾರೆ. ಎತ್ತಲಿಲ್ಲ. ಬೋರ್ಡಿನ ಜೊತೆಗೇ ನಾನೂ ನಡೆದೆ. ಪಕ್ಕದವಳ ಜಾಗಕ್ಕೆ ಹೋದೆ, ಅವಳು ಹೊಟ್ಟೆ ಒಳಗೆಳೆದುಕೊಂಡು ದಾರಿಬಿಟ್ಟಳು. "ಕೂತ್ಕೋ, ನಿನ್ನಜ್ಜಿ ತಲೆ!" ಎಂದು ಬೈಯುತ್ತ ಒತ್ತಿದೆ. ಟಕ್. ಓಡಿ ನನ್ನ ಜಾಗಕ್ಕೆ ಬರುವಷ್ಟರಲ್ಲಿ ಮುಂದಿನ ಬೋರ್ಡು ಬಂದಿತ್ತು. ಮತ್ತೆ ಒತ್ತಿದೆ. ಸೈರನ್ ಆದಾಗಲೇ ಬೆಲ್ಟು ನಿಂತದ್ದು.

ಕೈ ತೊಳೆಯಲು ಹೋದರೆ ನಲ್ಲಿ ತಿರುಗಿಸಲು ಆಗಲಿಲ್ಲ. ಬೆರಳು ಬದನೆಕಾಯಿಯಂತೆ ಊದಿತ್ತು. ಎಡಗೈಗೂ ಬಲವಿರಲಿಲ್ಲ. ಸುಮ್ಮನೆ ನಲ್ಲಿಯ ಮುಂದೆ ನಿಂತಿದ್ದೆ. ಭವ್ಯ ಯಾವಾಗ ಬಂದಳೋ, ನಲ್ಲಿ ಬಿಟ್ಟು, ನನ್ನ ಕೈ ಹಿಡಿದು ನೀರಿನ ಕೆಳಗಿಟ್ಟಳು.

"ನೋಯ್ತಿದ್ಯಾ ಅಕ್ಕ?"

"ನೋಯ್ದೆ ಇರತ್ತಾ?"

"ನಾಳೆ ಫಸ್ಟ್ ಶಿಫ್ಟು. ನಿಮ್ ಜಾಗ ನಿಮ್ದೇ ಅಂದ್ರು."

ಅಷ್ಟೂ ದಿನ ತಡೆದದ್ದು ಆಗ ಒಡೆಯಿತು. ಎಳೆಮಗುವಿನ ಹಾಗೆ ಗಟ್ಟಿಯಾಗಿ ಅತ್ತುಬಿಟ್ಟೆ. ಬಾಗಿಲಾಚೆ ಲೈನಿನ ಹುಡುಗಿಯರು ಮಾತಾಡುತ್ತ ಬರುವುದು ಕೇಳಿಸಿತು.

"ನಲ್ಲಿ ನಿಲ್ಲಿಸ್ಬೇಡ ಕಣೇ, ಅವರಿಗೆ ಕೇಳ್ಸತ್ತೆ" ಎಂದೆ.

ಭವ್ಯ ಪಕ್ಕದ ನಲ್ಲಿಯನ್ನೂ ಜೋರಾಗಿ ಬಿಟ್ಟಳು.